ಮುಳ್ಳು ಇಳಿಯುವವರೆಗೆ

ಆ ಆಸ್ಪತ್ರೆಯಲ್ಲಿ ಇವತ್ತಿಗೂ ಒಂದು ಮಾತು ಬಳಕೆಯಲ್ಲಿದೆ. ಯಾರ ಮೇಲೋ ಸಿಟ್ಟು ಬಂದು ಒಳಗೊಳಗೇ ಕುದಿಯುತ್ತಿರುವ ನರ್ಸನ್ನು ಕಂಡರೆ ಜೊತೆಯವಳು, "ಹೋಗೇ, ಹೋಗಿ ಮುಳ್ಳು ಇಳಿಸ್ಕೊಂಡು ಬಾ," ಅನ್ನುತ್ತಾಳೆ. ಗಂಡನ ಮೇಲೆ ಹರಿಹಾಯ್ದು ಬಂದವಳನ್ನು, "ಏನು, ಮುಳ್ಳು ಇಳೀತಾ?" ಎಂದು ಕೇಳುತ್ತಾರೆ. ಹೊಸದಾಗಿ ಸೇರಿದವರು ಮೊದಮೊದಲು ಇದೇನೋ ಕಾಲಿಗೆ ಚುಚ್ಚಿದ ಮುಳ್ಳಿನ ಮಾತು ಅಂದುಕೊಂಡು ನೆಲ ನೋಡುತ್ತಾರೆ. ಎರಡು ವಾರ ಕಳೆಯುವುದರೊಳಗೆ ಅವರ ನಾಲಿಗೆಗೂ ಅದು ಹತ್ತಿಬಿಡುತ್ತದೆ. ಎಲ್ಲಿಂದ ಬಂತು ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಅದು ನೆಲಮಾಳಿಗೆಯ ಹಬೆಯಂತ್ರದ ನೆತ್ತಿಯ ಮೇಲೆ, ಗಡಿಯಾರದಂಥ ಬಿಲ್ಲೆಯೊಳಗೆ ಏರುತ್ತ ಇಳಿಯುತ್ತ ಇರುವ ಮುಳ್ಳು. ಅದನ್ನು ಮಾತಾಗಿಸಿದ ಹೆಂಗಸಿಗೆ ಮಾತು ಕಟ್ಟುವ ಚಪಲವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಮಾತೇ ಇರಲಿಲ್ಲ.

ಅವಳನ್ನು ಎಲ್ಲರೂ ಹಬೆಯಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳದೇ ರಾಜ್ಯಭಾರ. ಮೇಲಿನ ಆಪರೇಷನ್ ಥಿಯೇಟರಿನಿಂದ ರಕ್ತ ಮೆತ್ತಿದ ಕತ್ತರಿ, ಚಿಮಟ, ಚಾಕುಗಳು ಸಾಮಾನಿನ ಲಿಫ್ಟಿನಲ್ಲಿ ಕೆಳಗೆ ಬರುತ್ತಿದ್ದವು. ಒಂದೊಂದರ ಸಂದಿಗೂ ಬ್ರಷ್ ಹಾಕಿ ತಿಕ್ಕಿ, ತೊಳೆದು, ಒರೆಸಿ, ಹಸಿರು ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ, ಮೇಲೆ ಬಿಸಿಗೆ ಕಪ್ಪಾಗುವ ಒಂದು ಟೇಪು ಅಂಟಿಸಿ ಯಂತ್ರದ ಹೊಟ್ಟೆಗೆ ತುಂಬುತ್ತಿದ್ದಳು. ದಪ್ಪ ಬಾಗಿಲಿನ ಚಕ್ರ ತಿರುಗಿಸಿ ಬಿಗಿದರೆ ಒಳಗೆ ಹಬೆ ತುಂಬಿಕೊಳ್ಳುತ್ತಿತ್ತು. ಮುಳ್ಳು ಕೆಂಪುಗೆರೆ ಮುಟ್ಟಿದ ಮೇಲೆ ಮೂವತ್ತು ನಿಮಿಷ ಅಲ್ಲಿಂದ ಅಲ್ಲಾಡಬಾರದು. ಆಮೇಲೆ ಹಬೆ ಬಿಟ್ಟು, ಮುಳ್ಳು ಸೊನ್ನೆಗೆ ಇಳಿಯುವವರೆಗೂ ಕಾಯಬೇಕು. ಅದಕ್ಕೂ ಮೊದಲು ಚಕ್ರಕ್ಕೆ ಕೈ ಹಾಕಿದರೆ ಮುಖದ ಚರ್ಮ ಉಳಿಯುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಸರ ಮಾಡಿದ್ದಕ್ಕೆ ಅವಳ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಯಿತ್ತು.

ಯಾರು ಏನೇ ಅಂದರೂ ಹಬೆಯಕ್ಕ ತುಟಿ ಪಿಟಕ್ಕೆನ್ನುವವಳಲ್ಲ. ಚಿಕ್ಕವಳಿದ್ದಾಗ ಅಣ್ಣ ತಲೆಗೆ ಮೊಟಕಿದರೆ ತಾಯಿ, "ಹೊಟ್ಟೆಗೆ ಹಾಕ್ಕೋ ಮಗಳೇ," ಅಂದಿದ್ದಳು. ಮದುವೆಯಾದ ಮೇಲೆ ನಾದಿನಿ ಚುಚ್ಚಿ ಮಾತಾಡಿದಾಗಲೂ ಅದೇ, ಕೆಲಸದ ಜಾಗದಲ್ಲಿ ಇವಳಿಗಿಂತ ಹಿಂದೆ ಬಂದವರು ಮುಂದೆ ಹೋದಾಗಲೂ ಅದೇ. ಐವತ್ತೆರಡು ವರ್ಷದಲ್ಲಿ ಅವಳು ಹೊಟ್ಟೆಗೆ ಹಾಕಿಕೊಂಡದ್ದನ್ನೆಲ್ಲ ಹೊರಗೆ ತೆಗೆದು ರಾಶಿ ಹಾಕಿದ್ದರೆ ಆ ನೆಲಮಾಳಿಗೆ ಸಾಲುತ್ತಿರಲಿಲ್ಲ. "ನಮ್ಮ ಹಬೆಯಕ್ಕನಂಥವರು ಇನ್ನೂ ನಾಲ್ಕು ಜನ ಇದ್ರೆ ಆಸ್ಪತ್ರೆ ಹೂವಿನ ಹಾಗೆ ನಡೀತದೆ," ಎಂದು ಆಡಳಿತಾಧಿಕಾರಿ ಬೇರೆಯವರ ಮುಂದೆ ಹೊಗಳುತ್ತಿದ್ದ. ಹಾಗೆ ಹೊಗಳಿದಾಗೆಲ್ಲ ಅವಳಿಗೆ ಯಾರೋ ಬೆನ್ನು ತಟ್ಟುತ್ತ ಹೊರೆ ಹೇರಿದ ಹಾಗಾಗುತ್ತಿತ್ತು. ಅದನ್ನೂ ಹೇಳಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಕತ್ತರಿಯಣ್ಣ ಇದ್ದ. ಆಸ್ಪತ್ರೆಯ ಚಾದರ, ದಿಂಬಿನ ಚೀಲ, ಡಾಕ್ಟರುಗಳ ನಿಲುವಂಗಿ, ಹಬೆಯಕ್ಕ ಸುತ್ತುವ ಹಸಿರು ಬಟ್ಟೆ ಎಲ್ಲಕ್ಕೂ ಹೊಲಿಗೆ ಹಾಕುವ ದರ್ಜಿ. ಇವಳಿಗೆ ಬಾಯಿಲ್ಲದ್ದಕ್ಕೆ ಲೆಕ್ಕ ಸರಿಯಾಗಲಿ ಎಂಬಂತೆ ಅವನಿಗೆ ಎರಡು ಬಾಯಿ. ಹೊಲಿಗೆಯಂತ್ರ ಓಡುತ್ತಿದ್ದರೆ ಅದರ ಸದ್ದಿಗಿಂತ ಮೇಲೆ ಅವನ ಮಾತು ಓಡುತ್ತಿತ್ತು. "ತಂಗೀ, ದೊಡ್ಡ ಡಾಕ್ಟರಮ್ಮಂಗೆ ಹೊಟ್ಟೆ ಬಂದಿದೆ ಕಣೇ, ನಿಲುವಂಗಿ ಮತ್ತೆ ಬಿಚ್ಚಿ ಅಗಲ ಮಾಡ್ಬೇಕು. ರೋಗಿಗಳಿಗೆ ಮಾತ್ರ ತೂಕ ಇಳಿಸಿ ಅಂತ ಬುದ್ಧಿ ಹೇಳ್ತಾರೆ," ಎಂದು ಗೋಡೆಯಾಚೆಯಿಂದಲೇ ಕೂಗುತ್ತಿದ್ದ. ಹಬೆಯಕ್ಕ ನಗುತ್ತಿದ್ದದ್ದು ದಿನಕ್ಕೆ ಒಂದು ಸಲವಾದರೆ ಅದು ಅವನ ದೆಸೆಯಿಂದ.

ಆ ವರ್ಷ ಯಂತ್ರದ ಬಾಗಿಲಿನ ಅಂಚಿಗಿದ್ದ ರಬ್ಬರ್ ಪಟ್ಟಿ ಬಿರುಕು ಬಿಟ್ಟಿತು. ಸಣ್ಣಗೆ ಹಬೆ ಸೋರಲು ಶುರುವಾಯಿತು. ಮೂವತ್ತು ನಿಮಿಷ ನಿಲ್ಲಬೇಕಾದ ಮುಳ್ಳು ಹದಿನೆಂಟಕ್ಕೋ ಇಪ್ಪತ್ತಕ್ಕೋ ಕೆಂಪುಗೆರೆಯಿಂದ ಜಾರುತ್ತಿತ್ತು. ಜಾರಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ನಿಯಮವೇ ಹಾಗೆ. ಹಬೆಯಕ್ಕ ದಿನಚರಿ ಪುಸ್ತಕದಲ್ಲಿ ಬರೆದಳು: ರಬ್ಬರ್ ಪಟ್ಟಿ ಬದಲಿಸಬೇಕು. ಹದಿನೈದು ದಿನ ಬಿಟ್ಟು ಮತ್ತೆ ಬರೆದಳು. ಮೂರನೇ ಸಲ ಬರೆದ ದಿನ ಆಡಳಿತಾಧಿಕಾರಿಯೇ ಖುದ್ದು ಕೆಳಗೆ ಇಳಿದು ಬಂದ.

ಅವನು ಬೆಣ್ಣೆಯಂಥ ಮನುಷ್ಯ. ದನಿ ಏರಿಸಿದ್ದನ್ನು ಯಾರೂ ಕೇಳಿದವರಿಲ್ಲ. ಕೈ ಹಿಂದೆ ಕಟ್ಟಿಕೊಂಡು ಯಂತ್ರವನ್ನು ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಮೇಲಿಂದ ಕೆಳಗೆ ನೋಡಿದ.

"ಪಟ್ಟಿ ಎಲ್ಲೂ ಸಿಗ್ತಿಲ್ಲಮ್ಮ. ಹಳೇ ಮಾದರಿ ನೋಡಿ. ಮೇಲೆ ಆಪರೇಷನ್ನುಗಳು ದಿನಕ್ಕೆ ಹನ್ನೊಂದಕ್ಕೆ ಏರಿವೆ. ಸಾಮಾನಿಗೆ ಕಾಯ್ತಾ ಡಾಕ್ಟ್ರುಗಳು ಕೂತಿರ್ತಾರೆ. ಒಂದು ಕೆಲಸ ಮಾಡಿ, ಮೂವತ್ತು ಬೇಡ, ಹದಿನೈದು ನಿಮಿಷಕ್ಕೆ ತೆಗೆದುಬಿಡಿ."

"ಸಾರ್, ಹದಿನೈದು ಸಾಲಲ್ಲ."

"ಟೇಪು ಕಪ್ಪಾಗತ್ತೋ ಇಲ್ವೋ?"

"ಕಪ್ಪಾಗತ್ತೆ, ಆದ್ರೆ ಅದು—"

"ಕಪ್ಪಾದ್ರೆ ಆಯ್ತಲ್ಲ. ಮತ್ತೆ, ಈ ರಬ್ಬರು ಗಿಬ್ಬರು ಎಲ್ಲ ಪುಸ್ತಕದಲ್ಲಿ ಬರೀಬೇಡಿ. ನಾಳೆ ತಪಾಸಣೆಗೆ ಬಂದೋರು ನೋಡಿದ್ರೆ ನಿಮಗೇ ತೊಂದರೆ. ಏನಾದ್ರೂ ಇದ್ರೆ ಬಾಯಲ್ಲಿ ಹೇಳಿ. ನಿಮಿಷದ ಜಾಗದಲ್ಲಿ ಮೂವತ್ತು ಅಂತಲೇ ಬರೀರಿ."

ಅವನು ನಕ್ಕು ಹೋದ. ಹಬೆಯಕ್ಕ ಹಲ್ಲು ಕಚ್ಚಿಕೊಂಡು ನಿಂತಳು. ಟೇಪು ಕಪ್ಪಾಗುವುದು ಬಿಸಿ ತಾಕಿತು ಅನ್ನುವುದಕ್ಕೆ ಸಾಕ್ಷಿ, ಅಷ್ಟೇ. ಕ್ರಿಮಿ ಸತ್ತವು ಅನ್ನುವುದಕ್ಕಲ್ಲ. ಇದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿರಬೇಕಿತ್ತು. ಮನೆಗೆ ಹೋಗಿ ಗಂಡನ ಹತ್ತಿರ ಹೇಳಿದಳು. ಕಿಟಕಿಗೆ ಗಾಜು ಕೂರಿಸುವ ಕೆಲಸ ಅವನದು, ಕೆಟ್ಟವನಲ್ಲ, ಆದರೆ ಹೆದರಿಕೆಯ ಮನುಷ್ಯ. "ಮೇಲಿನವರು ಹೇಳಿದ್ದಾರೆ, ನೀನು ಮಾಡು. ನಿನ್ನ ತಲೆ ಮೇಲೆ ಯಾಕೆ ಹಾಕ್ಕೋತೀಯ? ರಿಟೈರ್ ಆಗೋಕೆ ಇನ್ನಾರು ವರ್ಷ ಇದೆ ಅಷ್ಟೇ, ಹೊಟ್ಟೆಗೆ ಹಾಕ್ಕೊಂಡ್ಬಿಡು," ಅಂದ.

ಹಾಕಿಕೊಂಡಳು. ಹದಿನೈದು ನಿಮಿಷಕ್ಕೆ ತೆಗೆದಳು, ಮೂವತ್ತು ಎಂದು ಬರೆದಳು. ಬರೆದಾಗೆಲ್ಲ ಅಂಕಿಯ ಕೆಳಗೆ ಪೆನ್ಸಿಲಿನಿಂದ ಕಂಡೂ ಕಾಣದ ಹಾಗೆ ಒಂದು ಚುಕ್ಕಿ ಇಟ್ಟಳು. ಯಾಕೆ ಇಟ್ಟಳೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಸುಳ್ಳು ಬರೆದ ಕೈಗೆ ಅಷ್ಟಾದರೂ ನಿಜ ಬೇಕಿತ್ತೇನೋ.

ನಲವತ್ತು ದಿನ ಹೀಗೆ ನಡೆಯಿತು. ಅಷ್ಟರಲ್ಲಿ ಕತ್ತರಿಯಣ್ಣನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗಂಟು ಎದ್ದು, ಕತ್ತರಿ ಹಿಡಿದರೆ ನೋಯುವಂತಾಯಿತು. ಸಣ್ಣ ಆಪರೇಷನ್, ಅರ್ಧ ಗಂಟೆಯ ಕೆಲಸ ಎಂದು ದೊಡ್ಡ ಡಾಕ್ಟರಮ್ಮ ಹೇಳಿದರು. ಆ ದಿನ ಬೆಳಿಗ್ಗೆ ಮೇಲೆ ಹೋಗುವ ಮುನ್ನ ಅವನು ಹಬೆಯಕ್ಕನ ಬಾಗಿಲಲ್ಲಿ ಇಣುಕಿದ. ತಾನೇ ಹೊಲಿದಿದ್ದ ರೋಗಿಗಳ ಅಂಗಿ ತೊಟ್ಟಿದ್ದ.

"ನೋಡು, ಹಿಂದೆ ಲಾಡಿ ಇಲ್ಲ. ಯಾವ ಬೇವರ್ಸಿ ಹೊಲಿದನೋ," ಅಂದ. "ನೀನು ಬೇಯಿಸಿದ ಸಾಮಾನಿಂದಲೇ ಕೊಯ್ತಾರಂತೆ ತಂಗೀ. ಚೆನ್ನಾಗಿ ಬೇಯಿಸು. ಅರೆಬೆಂದದ್ದು ನನಗಾಗಲ್ಲ."

ಈ ಒಂದು ಸುತ್ತನ್ನಾದರೂ ಮೂವತ್ತು ನಿಮಿಷ ಪೂರ್ತಿ ಮಾಡಿಯೇ ತೀರುತ್ತೇನೆ ಎಂದುಕೊಂಡಳು. ಅವನ ಆಪರೇಷನ್ನಿಗೆ ಹೋಗುವ ಸಾಮಾನಿನ ಗಂಟನ್ನು ತಾನೇ ಎರಡು ಸಲ ಒರೆಸಿ ಸುತ್ತಿ ಇಟ್ಟು ಚಕ್ರ ಬಿಗಿದಳು. ಮುಳ್ಳು ಕೆಂಪುಗೆರೆ ಮುಟ್ಟಿತು. ಹತ್ತು ನಿಮಿಷ, ಹದಿನೈದು ನಿಮಿಷ. ಬಾಗಿಲಿನ ಅಂಚಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು ನಿಂತಿದ್ದಳು. ಹದಿನೆಂಟಕ್ಕೆ ಮುಳ್ಳು ಜಾರಿತು. ಅದೇ ಹೊತ್ತಿಗೆ ಗೋಡೆಯ ಫೋನು ಬಡಿದುಕೊಂಡಿತು. ಥಿಯೇಟರಿನವರು. ಇನ್ನೂ ಅರ್ಧ ಗಂಟೆ ಬೇಕು ಎಂದಳು. ಎರಡನೇ ಸಲ ಫೋನು ಬಂದಾಗ ಆ ಕಡೆ ಆಡಳಿತಾಧಿಕಾರಿ ಇದ್ದ. "ಏನಮ್ಮ ಇದು, ರೋಗಿಯನ್ನ ಮೇಜಿನ ಮೇಲೆ ಮಲಗಿಸಿದ್ದಾರೆ. ನಾವು ಮಾತಾಡಿದ್ದು ಮರೆತುಹೋಯ್ತಾ?" ಅಂದ. ಅದೇ ಬೆಣ್ಣೆ ದನಿ.

ಆಗುವುದಿಲ್ಲ ಎಂಬ ಒಂದು ಪದ ಸಾಕಿತ್ತು, ಅದನ್ನು ಹೇಳದೆ ಅವಳು ಫೋನು ಇಟ್ಟಳು. ಹಬೆ ಬಿಟ್ಟು, ಮುಳ್ಳು ಇಳಿದ ಮೇಲೆ ಬಾಗಿಲು ತೆಗೆದಳು. ಟೇಪು ಕಪ್ಪಾಗಿತ್ತು. ಗಂಟಿನ ಬಟ್ಟೆ ಒಣಗಿರಬೇಕಿತ್ತು, ಇನ್ನೂ ಒದ್ದೆಯಿತ್ತು. ಲಿಫ್ಟಿನಲ್ಲಿಟ್ಟು ಕಳಿಸಿದಳು.

ಮೂರನೇ ದಿನಕ್ಕೆ ಕತ್ತರಿಯಣ್ಣನ ಕೈ ಊದಿತು. ಐದನೇ ದಿನಕ್ಕೆ ಜ್ವರ. ಗಾಯದಲ್ಲಿ ಕೀವಾಗಿ ಮೂಳೆಗೆ ಇಳಿದಿತ್ತು. ಅದೇ ವಾರ ಇನ್ನಿಬ್ಬರು ರೋಗಿಗಳ ಹೊಲಿಗೆಯೂ ಬಿಚ್ಚಿಕೊಂಡಿತ್ತು. ಅವರು ಹೇಗೋ ಉಳಿದುಕೊಂಡರು. ಕತ್ತರಿಯಣ್ಣನೂ ಉಳಿದ. ಹೆಬ್ಬೆರಳು ಉಳಿಯಲಿಲ್ಲ. ಬುಡಸಮೇತ ತೆಗೆದರು.

ಹಬೆಯಕ್ಕ ನೋಡಲು ಹೋದಾಗ ಅವನು ವಾರ್ಡಿನ ಕೊನೆಯ ಮಂಚದಲ್ಲಿ ಒರಗಿ ಕೂತಿದ್ದ. ಬಿಳಿ ಬಟ್ಟೆ ಸುತ್ತಿದ ಕೈ ದಿಂಬಿನ ಮೇಲಿತ್ತು. ಪಕ್ಕದಲ್ಲಿ ಹೆಂಡತಿ ಕಿತ್ತಳೆ ಬಿಡಿಸಿ ಒಂದೊಂದೇ ತೊಳೆ ಬಾಯಿಗಿಡುತ್ತಿದ್ದಳು.

"ನನ್ನದೇ ತಪ್ಪು ಕಣೇ ತಂಗೀ," ಅಂದ. ಜೋರು ಬಾಯಿಯ ಮನುಷ್ಯನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳು ಬಗ್ಗಿ ಕೇಳಬೇಕಾಯಿತು. "ಕಟ್ಟು ಒದ್ದೆ ಮಾಡ್ಕೊಂಡಿರ್ಬೇಕು, ಅಶುದ್ಧ ಕೈಯಲ್ಲಿ ಮುಟ್ಟಿರ್ಬೇಕು ಅಂದ್ರು ಆಫೀಸಿನ ಸಾಹೇಬ್ರು. ಹೌದು, ಎರಡನೇ ದಿನ ಒಂದು ಸಲ ಮಷಿನ್ ಹತ್ರ ಕೂತಿದ್ದೆ. ಸುಮ್ನಿರೋಕಾಗಲ್ವಲ್ಲ ನನಗೆ."

"ಎಷ್ಟು ಹೇಳಿದ್ರೂ ಕೇಳಲ್ಲ ಇವರು," ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಅವನು ಅವಳ ಮುಂದೆ ತಪ್ಪು ಮಾಡಿದ ಮಗುವಿನ ಹಾಗೆ ತಲೆ ತಗ್ಗಿಸಿದ.

ಹಬೆಯಕ್ಕನ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಮೆಟ್ಟಿಲಿಳಿದು ತನ್ನ ಕೋಣೆಗೆ ಬಂದಳು. ಚಿಮಟದ ತಟ್ಟೆಯನ್ನು ಎತ್ತಿ ಗೋಡೆಗೆ ಎಸೆಯಬೇಕು ಅನಿಸಿತು. ಎಸೆದರೆ ಹೆಕ್ಕುವವಳೂ ತೊಳೆಯುವವಳೂ ತಾನೇ ಎಂಬುದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಆಡಳಿತಾಧಿಕಾರಿಯ ಮೇಲೆ, ಒಂದು ದಿನವೂ ಕೆಳಗಿಳಿದು ಬಾರದ ಡಾಕ್ಟರುಗಳ ಮೇಲೆ, ಹೊಟ್ಟೆಗೆ ಹಾಕ್ಕೋ ಎಂದು ಕಲಿಸಿದ ಸತ್ತ ತಾಯಿಯ ಮೇಲೂ ಬಂತು. ಎಲ್ಲಕ್ಕಿಂತ ಹೆಚ್ಚು ಬಂದದ್ದು ತನ್ನ ಮೇಲೆ. ಆ ಸಿಟ್ಟನ್ನು ಎಲ್ಲಿ ಇಡುವುದೆಂದು ಅವಳಿಗೆ ತಿಳಿಯಲಿಲ್ಲ.

ಮುಂದಿನ ಸೋಮವಾರ ಮಧ್ಯಾಹ್ನ ಮೂರನೇ ಮಹಡಿಯ ಸಭಾಕೋಣೆಯಲ್ಲಿ ವಿಚಾರಣೆ. ಆಡಳಿತಾಧಿಕಾರಿ, ದೊಡ್ಡ ಡಾಕ್ಟರಮ್ಮ, ಥಿಯೇಟರಿನ ಹಿರಿಯ ಸಿಸ್ಟರ್, ಇನ್ನೂ ನಾಲ್ಕೈದು ಮಂದಿ ಉದ್ದ ಮೇಜಿನ ಸುತ್ತ ಕೂತಿದ್ದರು. ಹಬೆಯಕ್ಕನನ್ನು ಕರೆದದ್ದು ದಿನಚರಿ ಪುಸ್ತಕ ತಂದು ವರದಿಗೆ ರುಜು ಹಾಕಿ ಹೋಗಲಿ ಎಂದು, ಮಾತಾಡಲೆಂದಲ್ಲ. ಅವಳಿಗೆ ಕುರ್ಚಿಯನ್ನೂ ಹಾಕಿರಲಿಲ್ಲ.

ವರದಿಯನ್ನು ಆಡಳಿತಾಧಿಕಾರಿಯೇ ಓದಿದ. ಮೂವರು ರೋಗಿಗಳೂ ಗಾಯದ ಸ್ವಚ್ಛತೆ ಕಾಪಾಡಿಕೊಂಡಿಲ್ಲ. ದರ್ಜಿಯಂತೂ ವೈದ್ಯರ ಮಾತು ಮೀರಿ ಕೆಲಸಕ್ಕೆ ಕೂತಿದ್ದನ್ನು ತಾನೇ ಒಪ್ಪಿಕೊಂಡಿದ್ದಾನೆ. ಉಪಕರಣಗಳ ಶುದ್ಧೀಕರಣದಲ್ಲಿ ಯಾವ ಲೋಪವೂ ಇಲ್ಲ, ಪ್ರತಿ ಸುತ್ತೂ ಮೂವತ್ತು ನಿಮಿಷ ನಡೆದದ್ದಕ್ಕೆ ದಾಖಲೆ ಇದೆ. ಇಷ್ಟು ಓದಿ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟು ಪೆನ್ನನ್ನು ಹಬೆಯಕ್ಕನ ಕಡೆ ಚಾಚಿದ.

"ಇಲ್ಲಿ ಒಂದು ಸಹಿ ಹಾಕಿಬಿಡಿ ಅಮ್ಮ. ನಿಮ್ಮದೇನೂ ತಪ್ಪಿಲ್ಲ ಅಂತ ಬರೆದಿದ್ದೀನಿ."

ಪುಟದ ತುಂಬ ಅವಳದೇ ಕೈಬರಹ. ಮೂವತ್ತು, ಮೂವತ್ತು, ಮೂವತ್ತು. ದುಂಡಗೆ, ಅಂದವಾಗಿ. ಅವಳು ಪೆನ್ನು ಮುಟ್ಟಲಿಲ್ಲ.

"ಇದು ಸುಳ್ಳು," ಅಂದಳು.

ಮೊದಲು ಯಾರಿಗೂ ಕೇಳಿಸಲಿಲ್ಲ. ಅವಳ ದನಿಯನ್ನು ಅಲ್ಲಿದ್ದ ಅರ್ಧ ಜನ ಅವತ್ತಿನವರೆಗೂ ಕೇಳಿಯೇ ಇರಲಿಲ್ಲ.

"ಪುಸ್ತಕದಲ್ಲಿರೋದು ಸುಳ್ಳು. ನಾನೇ ಬರೆದಿದ್ದು. ಮೂವತ್ತಲ್ಲ, ಹದಿನೈದು. ಅಂಕಿ ಕೆಳಗೆ ಚುಕ್ಕಿ ಇದೆ ನೋಡಿ, ಚುಕ್ಕಿ ಇರೋದೆಲ್ಲ ಹದಿನೈದು. ದರ್ಜಿಯಣ್ಣನ ಆಪರೇಷನ್ ದಿನಕ್ಕೇ ನಲವತ್ತೊಂದು ದಿನ. ಹದಿನೈದು ಮಾಡಿ ಅಂದಿದ್ದು ಈ ಸಾಹೇಬ್ರು. ಮೂವತ್ತು ಅಂತ ಬರೀರಿ ಅಂದಿದ್ದೂ ಇವರೇ."

ಆಡಳಿತಾಧಿಕಾರಿ ನಗುತ್ತಲೇ ಎದ್ದ. "ಪಾಪ, ಅವರಿಗೆ ದರ್ಜಿ ಅಂದ್ರೆ ಅಣ್ಣನ ಹಾಗೆ. ಮನಸ್ಸಿಗೆ ಹಚ್ಚಿಕೊಂಡುಬಿಟ್ಟಿದ್ದಾರೆ. ಅಮ್ಮ, ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ಹೊರಗೆ ಹೋಗಿ ನೀರು ಕುಡಿದು ಬನ್ನಿ. ಇಲ್ಲಾಂದ್ರೆ ನಾವೇ ಹತ್ತು ನಿಮಿಷ ಎದ್ದು ಆಮೇಲೆ ಕೂರೋಣ," ಎನ್ನುತ್ತ ಬಾಗಿಲ ಕಡೆ ಹೆಜ್ಜೆ ಹಾಕಿದ.

ಹಬೆಯಕ್ಕ ಅವನಿಗಿಂತ ಮೊದಲು ಬಾಗಿಲು ಸೇರಿದಳು. ಬೆನ್ನು ಕೊಟ್ಟು ನಿಂತಳು.

"ನನ್ನ ಮಷಿನ್ನಿಗೆ ಒಂದು ನಿಯಮ ಇದೆ ಸಾರ್. ಮುಳ್ಳು ಸೊನ್ನೆಗೆ ಇಳಿಯೋ ತನಕ ಬಾಗಿಲು ತೆಗೆಯೋ ಹಾಗಿಲ್ಲ. ನನ್ನ ಮುಳ್ಳು ಈಗಷ್ಟೇ ಮೇಲೆ ಹೋಗಿದೆ. ಕೂತ್ಕೊಳ್ಳಿ."

ಅವನು ಕೂರಲಿಲ್ಲ. ನಗು ಮಾತ್ರ ಮುಖದಿಂದ ಇಳಿಯಿತು. "ಇದು ಅತಿಯಾಯ್ತು," ಅಂದ.

"ಅತಿಯಾಗಿದ್ದು ಯಾವಾಗ್ಲೋ. ರಬ್ಬರ್ ಪಟ್ಟಿ ಹರಿದಿದೆ ಅಂತ ಮೂರು ಸಲ ಬರೆದೆ. ಬರೀಬೇಡ ಅಂದ್ರಿ. ಬಾಯಲ್ಲಿ ಹೇಳು ಅಂದ್ರಿ. ಹೇಳೋಕೆ ಬಂದ್ರೆ ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಎಷ್ಟು ಸಲ ನಿಮ್ಮ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತು ಎದ್ದು ಹೋಗಿದ್ದೀನಿ ಗೊತ್ತಾ ನಿಮಗೆ? ಹೊಗಳಿ ಹೊಗಳಿ ನನ್ನ ಬಾಯಿಗೆ ಬಟ್ಟೆ ತುರುಕಿದ್ರಿ. ಆ ಮನುಷ್ಯ ಹೆಬ್ಬೆರಳು ಕಳ್ಕೊಂಡು ಹೆಂಡತಿ ಮುಂದೆ ತಲೆ ತಗ್ಗಿಸಿ ನನ್ನದೇ ತಪ್ಪು ಅಂತಿದ್ದಾನೆ. ಬೆರಳು ತೆಗೆದಿದ್ದು ಸಾಲದು ಅಂತ ತಪ್ಪನ್ನೂ ಅವನ ಕೈಗೇ ಕೊಟ್ರಲ್ಲ, ನಿಮಗೆ ನಾಚಿಕೆ ಅನ್ನೋದು ಎಳ್ಳಷ್ಟಾದರೂ ಇದೆಯಾ?"

ದೊಡ್ಡ ಡಾಕ್ಟರಮ್ಮ ಮುಂದೆ ಬಾಗಿದರು. "ಒಂದು ನಿಮಿಷ ಇರಿ. ಟೇಪು ಕಪ್ಪಾಗಿತ್ತಲ್ಲ? ನಾನೇ ನೋಡಿದ್ದೆ."

"ಬಿಸಿ ತಾಕಿದ್ರೆ ಸಾಕು ಅದು ಕಪ್ಪಾಗತ್ತೆ ಡಾಕ್ಟ್ರೇ, ಒಳಗಿದ್ದದ್ದು ಸತ್ತಿದೆಯೋ ಬದುಕಿದೆಯೋ ಅದಕ್ಕೇನು ಗೊತ್ತು. ನಿಮಗೆ ಗೊತ್ತಿಲ್ವಾ? ಗಂಟು ಬಿಚ್ಚಿದಾಗ ಬಟ್ಟೆ ಒದ್ದೆ ಇತ್ತಲ್ಲ, ಯಾಕೆ ಒದ್ದೆ ಅಂತ ಒಂದು ಸಲವಾದ್ರೂ ಕೇಳಿದ್ರಾ? ಹತ್ತೊಂಬತ್ತು ವರ್ಷದಲ್ಲಿ ನೀವ್ಯಾರಾದ್ರೂ ಕೆಳಗೆ ಬಂದು ಆ ಬಾಗಿಲು ಹೇಗಿದೆ ಅಂತ ನೋಡಿದ್ರಾ? ಸಾಮಾನು ಬಂತಾ, ತಡ ಆಯ್ತಾ, ಅಷ್ಟೇ ನಿಮಗೆ ಬೇಕಾಗಿದ್ದು."

ಡಾಕ್ಟರಮ್ಮನ ಮುಖ ಬಿಳಚಿಕೊಂಡಿತು. ಹಿರಿಯ ಸಿಸ್ಟರ್ ಮೇಜು ನೋಡುತ್ತ ಕೂತರು. ಫೋನಿನಲ್ಲಿ ಅವಸರಪಡಿಸಿದ್ದು ಅವರೇ.

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಯಾವ ತಾರೀಖು, ಯಾವ ಸುತ್ತು, ಯಾರ ಆಪರೇಷನ್ನಿಗೆ ಯಾವ ಗಂಟು, ಯಾರು ಫೋನ್ ಮಾಡಿದರು, ಏನಂದರು, ಎಲ್ಲವನ್ನೂ ಹೇಳಿದಳು. ಕ್ರಿಮಿ ಸತ್ತಿವೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ಯಂತ್ರದಲ್ಲಿಟ್ಟು ಪರೀಕ್ಷೆಗೆ ಕಳಿಸಬೇಕಾದ ಸೀಸೆಗಳು ಎಂಟು ತಿಂಗಳಿಂದ ಬಂದೇ ಇಲ್ಲ ಎಂಬುದನ್ನೂ ಹೇಳಿದಳು. ನಡುನಡುವೆ ಸಂಬಂಧವಿಲ್ಲದ್ದೂ ಹೊರಬಂತು: ತನ್ನ ಕೈ ಸುಟ್ಟ ದಿನ ರಜೆ ಕೊಡದೆ ಅದೇ ಕೈಯಲ್ಲಿ ಚಕ್ರ ತಿರುಗಿಸಿದ್ದು, ತಾಯಿ ಸತ್ತ ದಿನ ಹನ್ನೆರಡು ಗಂಟೆಯವರೆಗೆ ಬಿಡದೆ ಇದ್ದದ್ದು. ದನಿ ಏರುತ್ತ ಒಡೆಯುತ್ತ ಹೋಯಿತು. ಅಳಲಿಲ್ಲ. ಯಾರೋ ನೀರಿನ ಲೋಟ ಮುಂದೆ ಸರಿಸಿದರು, ಅದನ್ನು ಕೈಯಿಂದ ಅತ್ತ ನೂಕಿದಳು. ಆಡಳಿತಾಧಿಕಾರಿ ಎರಡು ಸಲ ಬಾಯಿ ಹಾಕಲು ನೋಡಿದ. ಡಾಕ್ಟರಮ್ಮನೇ, "ಅವರು ಮುಗಿಸ್ಲಿ," ಎಂದು ತಡೆದರು.

"ಇನ್ನೊಂದು ಬರ್ಕೊಳ್ಳಿ," ಎಂದಳು ಕೊನೆಗೆ. "ಹದಿನೆಂಟಕ್ಕೆ ಬಾಗಿಲು ತೆಗೆದ ಕೈ ನನ್ನದು. ಒದ್ದೆ ಗಂಟು ಲಿಫ್ಟಲ್ಲಿ ಇಟ್ಟಿದ್ದೂ ನಾನೇ. ಆಗಲ್ಲ ಅನ್ನೋಕೆ ನನಗೆ ಬಾಯಿ ಇತ್ತು, ಅನ್ನಲಿಲ್ಲ. ನನ್ನ ಹೆಸರು ಬಿಟ್ಟು ಬರೆದ್ರೆ ಆ ವರದಿಯನ್ನ ಇಲ್ಲೇ ಹರಿದು ಹಾಕ್ತೀನಿ."

ಗೋಡೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಕಳೆದಿತ್ತು. ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಯಾರೂ ಏಳಲಿಲ್ಲ.

ಆಮೇಲೆ ಆದದ್ದು ಇಷ್ಟು. ಡಾಕ್ಟರಮ್ಮ ಅವತ್ತೇ ಸಂಜೆ ಆಪರೇಷನ್ನುಗಳನ್ನೆಲ್ಲ ನಿಲ್ಲಿಸಿದರು, ಒಂಬತ್ತು ದಿನ ಥಿಯೇಟರಿನ ದೀಪ ಹತ್ತಲಿಲ್ಲ. ಮೂರು ತಿಂಗಳಿಂದ ಎಲ್ಲೂ ಸಿಗದಿದ್ದ ರಬ್ಬರ್ ಪಟ್ಟಿ ಎರಡೇ ದಿನಕ್ಕೆ ಬಂತು. ಒಂದು ಮೊಳ ಉದ್ದದ ರಟ್ಟಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿಕೊಂಡು ಬಂದ ಆ ಪಟ್ಟಿಯನ್ನು ನೋಡಿ ಹಬೆಯಕ್ಕನಿಗೆ ಸಭೆಯ ದಿನಕ್ಕಿಂತಲೂ ಹೆಚ್ಚು ಸಿಟ್ಟು ಬಂತು. ಇಷ್ಟೇನಾ ಎಂದು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಆಡಳಿತಾಧಿಕಾರಿಯನ್ನು ಬೇರೆ ಆಸ್ಪತ್ರೆಗೆ ವರ್ಗ ಮಾಡಿದರು, ಅದೇ ಕುರ್ಚಿ, ಅದೇ ಕೆಲಸ. ಹೋಗುವ ದಿನ ಅವನು ಎಲ್ಲರಿಗೂ ನಗುನಗುತ್ತ ಕೈ ಮುಗಿದನಂತೆ. ಹಬೆಯಕ್ಕನಿಗೆ ಸುಳ್ಳು ದಾಖಲೆ ಬರೆದದ್ದಕ್ಕೆ ಛೀಮಾರಿಯ ಪತ್ರ ಬಂತು. ಗಂಡ ಅದನ್ನು ಓದಿ, "ನೋಡಿದೆಯಾ," ಅಂದ. ಅವಳು, "ಇದೊಂದು ಸರಿಯಾಗಿ ಬರೆದಿದ್ದಾರೆ," ಎಂದು ಮಡಿಸಿ ಕಪಾಟಿನಲ್ಲಿಟ್ಟಳು.

ಮಾತು ಮಾತ್ರ ಅವಳನ್ನು ಕೇಳದೆಯೇ ಹೊರಟುಬಿಟ್ಟಿತ್ತು. ಸಭೆಯಲ್ಲಿದ್ದವರು ಕ್ಯಾಂಟೀನಿನಲ್ಲಿ ಹೇಳಿದರು, ಕ್ಯಾಂಟೀನಿನವರು ವಾರ್ಡುಗಳಿಗೆ ಒಯ್ದರು. ತಿಂಗಳೊಪ್ಪತ್ತಿನಲ್ಲಿ ಚಹಾ ತಣ್ಣಗಿದೆ ಎಂದು ಅಡುಗೆಯವನನ್ನು ಬೈದು ಬಂದವನೂ, "ಮುಳ್ಳು ಇಳಿಸಿ ಬಂದೆ, ಈಗ ಹಗುರ ಆಯ್ತು," ಅನ್ನತೊಡಗಿದ. ಒಂದು ದಿನ ಒಬ್ಬಳು ಚಿಕ್ಕ ನರ್ಸು ಅವಳೆದುರೇ ಹಾಗಂದು, ನಾಲಿಗೆ ಕಚ್ಚಿಕೊಂಡು, "ಅಕ್ಕಾ, ಅದು ನಿಮ್ಮದೇ ಮಾತಲ್ವಾ? ಅವತ್ತು ಎಲ್ಲ ಹೇಳಿದ ಮೇಲೆ ಎಷ್ಟು ಹಗುರ ಅನ್ನಿಸ್ತು ನಿಮಗೆ?" ಎಂದು ಕೇಳಿದಳು.

"ಹಗುರ ಅಂತ ಯಾರು ಹೇಳಿದ್ದು ನಿಂಗೆ?" ಎಂದಳು ಹಬೆಯಕ್ಕ. "ಬಾಗಿಲು ತೆಗೆಯೋದು ಹಗುರ ಆಗೋಕಲ್ಲ. ಒಳಗಿರೋದನ್ನ ಹೊರಗೆ ತೆಗೆದು ಕೆಲಸಕ್ಕೆ ಹಚ್ಚೋಕೆ." ಹುಡುಗಿ ತಲೆಯಾಡಿಸಿ ಹೋದಳು. ಆದರೆ ಮಾತು ಆ ಅರ್ಥದಲ್ಲಿ ಯಾರ ಬಾಯಲ್ಲೂ ನಿಲ್ಲಲಿಲ್ಲ.

ಹಗುರಾಗದೆ ಇದ್ದದ್ದಕ್ಕೆ ಕಾರಣ ಪಕ್ಕದ ಕೋಣೆಯಲ್ಲಿತ್ತು. ಎರಡು ತಿಂಗಳಾದ ಮೇಲೆ ಕತ್ತರಿಯಣ್ಣ ಕೆಲಸಕ್ಕೆ ಬಂದಿದ್ದ. ಹೊಲಿಗೆಯಂತ್ರಕ್ಕೆ ಮುಸುಕು ಹಾಕಿ, ಚಾದರ ಮಡಿಸುವ, ಹರಿದದ್ದನ್ನು ಬೇರೆ ಮಾಡುವ ಕೆಲಸ ಕೊಟ್ಟಿದ್ದರು. ನಡೆದದ್ದನ್ನೆಲ್ಲ ಬೇರೆಯವರ ಬಾಯಿಂದ ಕೇಳಿದ್ದ. ಬಂದ ಮೊದಲ ದಿನ ಹಬೆಯಕ್ಕ ಅವನ ಬಾಗಿಲಲ್ಲಿ ನಿಂತು, "ಅಣ್ಣ," ಎಂದಳು. ತಪ್ಪಾಯಿತು, ಹೊಟ್ಟೆಗೆ ಹಾಕ್ಕೊಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತನ್ನು ಇನ್ನೊಬ್ಬರಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನು ತಿರುಗಿ ನೋಡಲಿಲ್ಲ. ದಿನಾ ಬೆಳಿಗ್ಗೆ ಬಂದು ಅಣ್ಣ ಎಂದು ಕರೆಯುತ್ತಿದ್ದಳು, ಅವನು ಬೆನ್ನು ಹಾಕಿ ಚಾದರ ಮಡಿಸುತ್ತಿದ್ದ. ಗೋಡೆಯಾಚೆಯಿಂದ ಒಂದು ಸೊಲ್ಲಿಲ್ಲ. ಅಷ್ಟು ವರ್ಷ ಇವಳ ಮೌನ ಅವನು ಕೇಳಿದ್ದ, ಈಗ ಅವನದನ್ನು ಇವಳು ಕೇಳಿದಳು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಮಧ್ಯಾಹ್ನ ಆ ಕೋಣೆಯಿಂದ ಏನೋ ಬಿದ್ದ ಸದ್ದು ಬಂತು. ಹಬೆಯಕ್ಕ ಹೋಗಿ ನೋಡಿದರೆ ಅವನು ಯಂತ್ರದ ಮುಸುಕು ತೆಗೆದು, ಎಡಗೈಯಲ್ಲಿ ಕತ್ತರಿ ಹಿಡಿದು ಹಸಿರು ಬಟ್ಟೆ ಕತ್ತರಿಸಲು ಹೆಣಗುತ್ತಿದ್ದ. ಕತ್ತರಿ ಬಲಗೈಯವರಿಗೆ ಮಾಡಿದ್ದು, ಎಡಗೈಯಲ್ಲಿ ಬಟ್ಟೆಯನ್ನು ಕಡಿಯದೆ ಬರೀ ಅಗಿಯುತ್ತಿತ್ತು. ನಾಲ್ಕು ಬೆರಳಿನ ಬಲಗೈ ಒತ್ತಿ ಹಿಡಿದರೂ ಬಟ್ಟೆ ಜಾರುತ್ತಿತ್ತು. ಅವಳು ಯೋಚಿಸದೆಯೇ ಒಳಗೆ ಹೋಗಿ ಅಂಚು ಹಿಡಿಯಲು ಕೈ ಚಾಚಿದಳು.

"ಮುಟ್ಟಬೇಡ."

ಕತ್ತರಿಯನ್ನು ಮೇಜಿಗೆ ಕುಕ್ಕಿದ.

"ನೀನು ಹಿಡಿದು ಉದ್ಧಾರ ಮಾಡಿದ್ದು ಸಾಕು. ಫೋನ್ ಬಂತು ಅಂತ ತೆಗೆದುಬಿಟ್ಯಾ? ಅವನು ಅಮ್ಮ ಅಂದ, ನೀನು ತೆಗೆದೆ? ನಾನು ಗೋಡೆ ಆಚೆಯಿಂದ ಹನ್ನೆರಡು ವರ್ಷ ತಂಗಿ ಅಂದೆ ಕಣೇ ನಿನ್ನನ್ನ. ಬೆಳಿಗ್ಗೆ ಬಂದು ನಿನ್ನ ಮುಂದೆ ನಿಂತಿದ್ದೆ. ಅಣ್ಣ ಇವತ್ತು ಹೋಗಬೇಡ ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು ನಿಂಗೆ? ಮೂರು ಪದ. ಮೂರು ಪದಕ್ಕೆ ನನ್ನ ಹೆಬ್ಬೆರಳು ಹೋಯ್ತು. ನಾನು ವಾರ್ಡಲ್ಲಿ ಮಲಗಿ ನನ್ನದೇ ತಪ್ಪು ಅಂದಾಗ ಮುಂದೆ ನಿಂತು ಕೇಳ್ತಿದ್ದೆಯಲ್ಲ. ಹೆಂಡತಿ ಹತ್ರ ಕ್ಷಮೆ ಕೇಳಿದ್ದೀನಿ ನಾನು. ನಾನು. ಆಗಲಾದ್ರೂ ಹೇಳಬಾರದಿತ್ತಾ? ಅಲ್ಲೆಲ್ಲೋ ಮಹಡಿ ಮೇಲೆ ದೊಡ್ಡೋರ ಮುಂದೆ ಕೂಗಾಡಿದೆಯಂತೆ, ಎಲ್ಲ ಹೊಗಳ್ತಾರೆ. ನನ್ನ ಮಂಚದ ಹತ್ರ ಬಂದು ಮೊದಲು ನನಗೆ ಹೇಳಬೇಕಿತ್ತು."

ಹೇಳಬೇಕಿತ್ತು, ಅದು ನಿಜ. "ಹೌದು," ಅಂದಳು.

"ಹೌದು ಅಂತೆ," ಎಂದು ಅವನು ಮತ್ತೆ ಶುರು ಮಾಡಿದ. ಬಾಯಿಗೆ ಬಂದದ್ದೆಲ್ಲ ಬೈದ. ತೊಟ್ಟ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯಬೇಕಾದದ್ದು, ಬೀಗದ ಕೈ ತಿರುಗಿಸಲಾಗದೆ ಬಾಗಿಲಲ್ಲಿ ನಿಂತದ್ದು, ಮಗಳ ಮದುವೆಯ ರವಿಕೆ ಬೇರೆಯವನ ಅಂಗಡಿಗೆ ಕೊಟ್ಟದ್ದು, ಒಂದೊಂದನ್ನೂ ಎತ್ತಿ ಎತ್ತಿ ಅವಳ ಮುಂದೆ ಇಟ್ಟ. ಹಬೆಯಕ್ಕ ಕದಲದೆ ನಿಂತು ಕೇಳಿದಳು. ಕಣ್ಣು ತಗ್ಗಿಸಲಿಲ್ಲ, ನಡುವೆ ಒಂದು ಸಮಜಾಯಿಷಿ ಹೇಳಲಿಲ್ಲ. ಊಟದ ಹೊತ್ತು ಮುಗಿದ ಗಂಟೆ ಹೊಡೆಯಿತು. ಅವನಿಗೆ ಏದುಸಿರು ಬಂದಿತ್ತು. ಕುರ್ಚಿಯಲ್ಲಿ ಕುಸಿದು ಕೂತು ಎಡಗೈಯಲ್ಲಿ ಮುಖ ಒರೆಸಿಕೊಂಡ.

"ಹೋಗು, ನಿನ್ನ ಸಾಮಾನು ಕಾಯ್ತಿರ್ತವೆ," ಅಂದ. ಅವಳು ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ 'ಏಯ್' ಎಂದು ಕರೆದ. "ಇನ್ನೂ ಮುಗಿದಿಲ್ಲ ನನ್ನದು. ನಾಳೆ ಬಾ."

ಮರುದಿನ ಅವಳು ಊಟದ ಗಂಟೆಗೆ ಮುಂಚೆಯೇ ಹೋದಳು. ಅವನು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತಿದ್ದ.